ತೋಪಿನ ಮೇಲೆ ಕಟ್ಟಿದ ಕೌದಿ

ನಮ್ಮಪ್ಪ ಆ ಕೌದಿಯನ್ನು ಒಂದು ದಿನವೂ ಹೊದೆಯಲಿಲ್ಲ. ನಡೆದದ್ದು ಇಷ್ಟೇ. ಹೊದೆಯುತ್ತೇನೆ ಎಂದು ಅವನೇ ಕಾಗದ ಬರೆಸಿದ, ಹೊದ್ದರು ಎಂದು ಅವ್ವ ಓಣಿಗೆಲ್ಲ ಹೇಳಿದಳು, ಹೊದ್ದನೆಂದು ನಾನು ಅರವತ್ತು ವರ್ಷ ನಂಬಿದೆ. ಮೂವರಲ್ಲಿ ಇಬ್ಬರಿಗೆ ನಿಜ ಗೊತ್ತಿತ್ತು. ನನಗೆ ಗೊತ್ತಾದದ್ದು ಈ ಚಳಿಗಾಲದಲ್ಲಿ, ಕೋಲ್ಕತ್ತದ ಜಾದವ್‌ಪುರದಲ್ಲಿ, ಮೂರನೇ ಮಹಡಿಯ ಮನೆಯ ಊಟದ ಮೇಜಿನ ಮೇಲೆ, ಮೊಮ್ಮಗಳ ಆಟಿಕೆ ತೋಪಿನಿಂದ. ಆಟಿಕೆ ಎಂದರೆ ಅವಳಿಗೆ ಸಿಟ್ಟು ಬರುತ್ತದೆ. ಬರಲಿ.

ಮೊದಲು ಬಂದದ್ದು ವಾಸನೆ. ಮೊಮ್ಮಗಳ ಹೆಸರು ಗಂಗಾ. ಕೂಸಾಗಿದ್ದಾಗ ಕೆಳಮನೆಯ ಬಂಗಾಲಿ ಹೆಂಗಸು ಅವಳನ್ನು ತುತುಲ್ ಎಂದು ಕರೆದಳು, ಅದೇ ಉಳಿಯಿತು. ಈಗ ಇಪ್ಪತ್ತಮೂರು. ಕಟ್ಟಡಗಳ ನಕ್ಷೆ ಬರೆಯುವ ಓದು ಓದುತ್ತಾಳೆ, ಮಿಕ್ಕ ಹೊತ್ತಿನಲ್ಲಿ ಪ್ಲಾಸ್ಟಿಕ್ಕಿನ ಯುದ್ಧದ ಗಾಡಿಗಳನ್ನು ಜೋಡಿಸುತ್ತಾಳೆ. ನಿಜವಾದದ್ದನ್ನು ಮೂವತ್ತೈದು ಪಟ್ಟು ಚಿಕ್ಕದು ಮಾಡಿದರೆ ಎಷ್ಟೋ ಅಷ್ಟು. ಅದರ ಆಳು ನನ್ನ ಹೆಬ್ಬೆರಳಿನಷ್ಟು ಎತ್ತರ. ಬಾಲ್ಕನಿಯ ಬಾಗಿಲು ತೆರೆದಿಟ್ಟರೂ ಅಂಟಿನ ವಾಸನೆ, ಬಣ್ಣ ತೆಳುಮಾಡುವ ಎಣ್ಣೆಯ ವಾಸನೆ ಮನೆಯೆಲ್ಲ ತುಂಬಿಕೊಳ್ಳುತ್ತದೆ. ನನ್ನ ಮಗಳು ಮೂಗಿಗೆ ಸೆರಗು ಹಿಡಿಯುತ್ತಾಳೆ. ನಾನು ಹಿಡಿಯುವುದಿಲ್ಲ. ಅಪ್ಪ ರಜೆಗೆ ಬಂದಾಗ ಅವನ ಟ್ರಂಕಿನ ಮುಚ್ಚಳ ಎತ್ತಿದರೆ ಇಂಥದ್ದೇ ಬರುತ್ತಿತ್ತು. ಹಸಿ ಬಣ್ಣ, ಸೀಮೆಎಣ್ಣೆ, ಕಬ್ಬಿಣಕ್ಕೆ ಹಚ್ಚುವ ಗ್ರೀಸು, ಎಲ್ಲದರ ಅಡಿಯಲ್ಲಿ ಕುದಿದು ಕುದಿದು ಕಪ್ಪಾದ ಚಹಾ. ನಾನು ಟ್ರಂಕಿನೊಳಗೆ ತಲೆ ಹಾಕಿ ನಿಲ್ಲುತ್ತಿದ್ದೆ. ಆಯಿ, ಎಂದರೆ ಅಪ್ಪನ ತಾಯಿ, ಜಡೆ ಹಿಡಿದು ಹೊರಗೆ ಎಳೆಯುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಹುಬ್ಬಳ್ಳಿ ಬಿಟ್ಟು ಮಗಳ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಮಗಳು ಇಲ್ಲಿ ಕಲಿಸುತ್ತಾಳೆ. ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆ ಬರುವುದು. ಬಂದವಳು ಕಾಗದಗಳನ್ನು ತಿದ್ದುತ್ತಾ ಕೂರುತ್ತಾಳೆ. ಅವಳ ತಪ್ಪಲ್ಲ. ಹಗಲು ನನಗೆ ಸಿಗುವುದು ಲೋಕಲ್ ರೈಲಿನ ಸದ್ದು, ಪಕ್ಕದ ಕಟ್ಟಡದಲ್ಲಿ ಯಾರೋ ಹುಡುಗಿ ಹಾರ್ಮೋನಿಯಂ ಮೇಲೆ ತಪ್ಪುತಪ್ಪಾಗಿ ಒತ್ತುವ ಅದೇ ನಾಲ್ಕು ಸ್ವರ. ಮೀನು ಮಾರುವವನು ಮೊದಲೆಲ್ಲ ನಮ್ಮ ಕಿಟಕಿಯ ಕಡೆ ಮುಖ ಎತ್ತಿ ಕೂಗುತ್ತಿದ್ದ. ಇವರು ತಿನ್ನುವ ಪೈಕಿಯಲ್ಲ ಎಂದು ಗೊತ್ತಾದ ಮೇಲೆ ಎತ್ತುವುದನ್ನು ಬಿಟ್ಟ. ಅಷ್ಟೊಂದು ಕೂಗು ನನ್ನ ಪಾಲಿನಿಂದ ಹೋಯಿತು. ಕೆಲವು ದಿನ ಮಧ್ಯಾಹ್ನದವರೆಗೆ ಬಾಯಿ ತೆರೆದಿರುವುದಿಲ್ಲ. ಆಮೇಲೆ ಮಾತಾಡಿದರೆ ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸುತ್ತದೆ. ಹೀಗಿರುವಾಗ ಒಬ್ಬ ಮೊಮ್ಮಗಳು ಬಂದು ಎದುರಿಗೆ ಕುರ್ಚಿ ಎಳೆದು ಕೂತು ಏನಾದರೂ ಕೇಳಿದರೆ, ಅದು ತೋಪಿನ ವಿಷಯವಾದರೂ ಸರಿ, ಯಾರಾದರೂ ಹೇಳುತ್ತಾರೆ.

ಅವಳು ಕೇಳಿದ್ದಕ್ಕೂ ಕಾರಣವಿತ್ತು. ಹೋದ ವರ್ಷ ಟಾಲಿಗಂಜ್‌ನ ಒಂದು ಹಾಲ್‌ನಲ್ಲಿ ಇಂಥವನ್ನು ಮಾಡುವವರೆಲ್ಲ ಸೇರಿ ಪ್ರದರ್ಶನ ಇಟ್ಟಿದ್ದರು. ಇವಳ ಗಾಡಿಯ ಸುತ್ತ ಬಿಳಿ ಮೀಸೆಯ ಒಬ್ಬರು ಎರಡು ಸುತ್ತು ತಿರುಗಿ, "ಎಲ್ಲ ಸರಿಯಾಗಿದೆ, ಆದರೆ ಇದರಲ್ಲಿ ಯಾರೂ ಬದುಕಿಲ್ಲ" ಎಂದು ಹೇಳಿ ಮುಂದಿನ ಮೇಜಿಗೆ ಹೋದರಂತೆ. ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಈ ವರ್ಷ ತಂದದ್ದು ತನ್ನಷ್ಟಕ್ಕೆ ತಾನೇ ಓಡುವ ಹಳೆಯ ಕಾಲದ ತೋಪು. ಪೆಟ್ಟಿಗೆಯಲ್ಲಿ ತೋಪು ಇತ್ತು, ಚಕ್ರ ಇತ್ತು, ಚಕ್ರಗಳನ್ನು ಸುತ್ತುವ ಪಟ್ಟೆ ಇತ್ತು. ಅದರಲ್ಲಿ ಇರುವ ಜನರ ಸಾಮಾನು ಒಂದೂ ಇರಲಿಲ್ಲ. ಅವನ್ನೆಲ್ಲ ಇವಳೇ ಮಾಡಬೇಕು.

"ಅಜ್ಜಿ, ಮುತ್ತಜ್ಜ ಈ ಟೈಪ್ ಗನ್‌ನಲ್ಲೇ ಇದ್ರಲ್ವಾ?"

"ಅದರಾಗ ಇದ್ದ. ನಮ್ಮ ಮನ್ಯಾಗ ಇರಲಿಲ್ಲ."

"ಏ, ಸೀರಿಯಸ್ ಆಗಿ ಹೇಳು. ಹೊರಗಡೆ ಏನೇನ್ ಕಟ್ತಿದ್ರು? ಫೋಟೋದಲ್ಲಿ ಎಲ್ಲಾ ಬ್ಲರ್ ಇದೆ. ಎಕ್‌ದಮ್ ಕರೆಕ್ಟ್ ಬೇಕು ನಂಗೆ."

ಎಕ್‌ದಮ್ ಕರೆಕ್ಟ್ ಬೇಕಂತೆ. ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಆದರೆ ಆ ತೋಪಿನ ಎಡಕ್ಕೆ ಏನಿತ್ತು, ಬಲಕ್ಕೆ ಏನಿತ್ತು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಬೇರೆ ಮಕ್ಕಳಿಗೆ ಮಗ್ಗಿ ಬಾಯಿಪಾಠ ಇರುತ್ತಿತ್ತು, ನನಗೆ ಅದು.

ನಮ್ಮ ಮನೆ ಬೈಲಹೊಂಗಲದ ಒಂದು ಓಣಿಯಲ್ಲಿತ್ತು. ಎರಡು ಕೋಣೆ, ಮುಂದೆ ಪಡಸಾಲೆ, ತಲೆ ಬಗ್ಗಿಸಿ ಒಳಹೋಗುವ ಬಾಗಿಲು. ಗೋಡೆಗೆ ಸೆಗಣಿ ಸಾರಿಸಿದ ದಿನ ಮನೆಯೊಳಗೆ ತಂಪು ವಾಸನೆ, ಹತ್ತಿ ಬಿಡಿಸುವ ಕಾಲದಲ್ಲಿ ಮೂಗಿಗೆಲ್ಲ ನವಿರು ನೂಲು. ಇದ್ದದ್ದು ಮೂರು ಹೆಣ್ಣು: ಆಯಿ, ಅವ್ವ, ನಾನು. ಅಪ್ಪ ವರ್ಷಕ್ಕೊಮ್ಮೆ ಬರುವ ನೆಂಟ. ಬಂದ ಮರುದಿನ ಪಡಸಾಲೆಯಲ್ಲಿ ಚಾಪೆ ಹಾಸಿ ತನ್ನ ಸಾಮಾನು ಜೋಡಿಸಿಡುತ್ತಿದ್ದ. ಅಲ್ಲಿ ಸಾಹೇಬರು ತಪಾಸಣೆಗೆ ಬರುತ್ತಾರಂತೆ, ಇಲ್ಲಿ ನಾನೇ ಸಾಹೇಬ. ತಟ್ಟೆಡಬ್ಬಿ, ಮಗ್ಗು, ಚಮಚ, ಗಡ್ಡದ ಬ್ರಷ್ಷು, ಸೂಜಿ ದಾರದ ಪುಟ್ಟ ಚೀಲ. ಗಂಡಸಿನ ಸಾಮಾನಿನಲ್ಲಿ ಸೂಜಿ ಚೀಲ ನೋಡಿ ಅವ್ವ ಸೆರಗಿನಲ್ಲಿ ನಗುತ್ತಿದ್ದಳು. ನಾನು ಕಣ್ಣು ಮುಚ್ಚಬೇಕು, ಅಪ್ಪ ಒಂದನ್ನು ಜರುಗಿಸುತ್ತಾನೆ, ಕಣ್ಣು ತೆರೆದು ಯಾವುದೆಂದು ಹೇಳಬೇಕು. ತಪ್ಪಿದ್ದು ನೆನಪಿಲ್ಲ. ನಮ್ಮಿಬ್ಬರ ನಡುವೆ ಇದ್ದ ಆಟ ಅದೊಂದೇ, ಹಾಗಾಗಿ ಚೆನ್ನಾಗಿ ಆಡಿದೆ.

ಅವ್ವ ಎಡಗೈಯವಳು. ಇದನ್ನು ನೆನಪಿಟ್ಟುಕೊಳ್ಳಿ. ರೊಟ್ಟಿ ಬಡಿಯುವುದು, ಕುಡುಗೋಲು ಹಿಡಿಯುವುದು, ಹೊಲಿಯುವುದು ಎಲ್ಲ ಎಡಗೈ. ಓಣಿಯಲ್ಲಿ ಅವಳಿಗೆ ಹೆಸರೇ ಇರಲಿಲ್ಲ, ಎಡಚಿ ಎಂದರೆ ಅವಳೇ. ಆಯಿಗೆ ಇದೊಂದು ಮುಗಿಯದ ಸಂಕಟ. "ಎಡಗೈಲೆ ಬಡಸಬ್ಯಾಡ, ಮನಿ ಏಳಿಗಿ ಆಗೂದಿಲ್ಲ" ಎಂದು ದಿನಕ್ಕೆ ನಾಲ್ಕು ಸಲ. ಅಪ್ಪ ಇದ್ದರೆ, "ಯಾವ ಕೈಲೆ ಬಡಸಿದ್ರೂ ನನ್ನ ಹೊಟ್ಟಿ ತುಂಬತೈತಿ, ಬಿಡವಾ" ಎನ್ನುತ್ತಿದ್ದ. ಇಲ್ಲದಿದ್ದರೆ ಹೇಳುವವರು ಯಾರೂ ಇರಲಿಲ್ಲ. ಅವ್ವ ಬಲಗೈಗೆ ಬದಲಿಸಿ ಬಡಿಸುತ್ತಿದ್ದಳು, ಸಾರು ಚೆಲ್ಲುತ್ತಿತ್ತು, ಅದಕ್ಕೂ ಬೈಗುಳ.

ನನಗೆ ಏಳು ವರ್ಷವಿದ್ದಾಗ ಅಪ್ಪನ ಪಡೆ ನಮ್ಮೂರಿಂದ ಅರ್ಧ ದಿನದ ಬಸ್ ಹಾದಿಯ ಬಯಲಿಗೆ ತೋಪು ಹಾರಿಸುವ ಅಭ್ಯಾಸಕ್ಕೆ ಬಂತು. ಒಂದು ದಿನ ಮನೆಯವರು ಬಂದು ನೋಡಬಹುದು ಎಂದರು. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು. ತೋಪು ಎಂದರೆ ನಾನು ಕೋಟೆಯ ಬುರುಜಿನ ಮೇಲಿನದ್ದನ್ನು ನೆನೆದಿದ್ದೆ. ಅಲ್ಲಿ ನಿಂತಿದ್ದದ್ದು ಕಬ್ಬಿಣದ ಮನೆ. ಮಾಡು ಇಲ್ಲ, ಗೋಡೆ ಮಾತ್ರ. ಮುಂದಕ್ಕೆ ಚಾಚಿದ ನಳಿಗೆ. ಬಿಸಿಲಿಗೆ ಕಾದು ಹತ್ತಿರ ಹೋದರೆ ಮುಖಕ್ಕೆ ಒಲೆಯ ಝಳ. "ಎತ್ತ ಬ್ಯಾಡ, ಜಗ್ಗೂ ಗಾಡಿ ಬ್ಯಾಡ, ತನ್ನ ಕಾಲ ಮ್ಯಾಲ ತಾನ ನಡೀತೈತಿ" ಎಂದ ಅಪ್ಪ, ತಾನೇ ಹೆತ್ತವನ ಹಾಗೆ. ನನ್ನನ್ನು ಎತ್ತಿ ಒಳಗಿಳಿಸಿದ. ಎಡಗಡೆ ಸನಿಕೆ, ಹಾರೆ, ಕೊಡಲಿ, ಒಂದೊಂದಕ್ಕೂ ಅದರದ್ದೇ ಪಟ್ಟಿ. ಬಲಗಡೆ ನೀರಿನ ಕ್ಯಾನು. ಹಿಂದೆ ಸುತ್ತಿಟ್ಟ ಬಲೆ. ಕೊಂಡಿಗೆ ನೇತುಹಾಕಿದ ಕ್ಯಾನ್ವಾಸ್ ಚೀಲ, ಅದರ ತಳದಿಂದ ಜಿನುಗುವ ತಣ್ಣನೆಯ ನೀರು. ಹುರಿಗೆ ಪೋಣಿಸಿದ ಆರು ಮಗ್ಗು, ಮಸಿ ಹಿಡಿದ ಒಂದು ಕೆಟಲು. ಹೊರಗಿನ ಸರಳಿಗೆ ಸಾಲಾಗಿ ಕಟ್ಟಿದ ಆರು ಜನರ ಆರು ಹಾಸಿಗೆ ಸುರುಳಿ. "ಇಲ್ಲೇ ಉಣ್ತೀವಿ, ಇದರ ಬಾಜೂಕ ಮಲಗ್ತೀವಿ. ಇದ ನಮ್ಮನಿ" ಎಂದ. ಬಾಯಿ ತಪ್ಪಿ ಬಂದ ಮಾತು. ನಮ್ಮನೆಯಲ್ಲಿ ಅವನ ಮಗ್ಗು ನೇತುಹಾಕಲು ಒಂದು ಮೊಳೆಯೂ ಇರಲಿಲ್ಲ.

ಅವ್ವ ಮಾತ್ರ ನಳಿಗೆಯನ್ನೂ ನೋಡಲಿಲ್ಲ, ಚಕ್ರವನ್ನೂ ನೋಡಲಿಲ್ಲ. ಅಪ್ಪನ ಹಾಸಿಗೆ ಸುರುಳಿಯ ಬಳಿ ಹೋಗಿ ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ಇಷ್ಟ ತೆಳ್ಳಗ?"

"ಸರಕಾರದ್ದು ಹಿಂಗ ಇರತೈತಿ."

ಊರಿಗೆ ಬಂದ ಮರುವಾರವೇ ಕೌದಿಗೆ ಕೂತಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಹಳೆಯ ಸೀರೆಗಳನ್ನು ಪದರದ ಮೇಲೆ ಪದರ ಇಟ್ಟು, ಅಂಗೈ ಅಗಲದ ಬಟ್ಟೆ ಚೂರುಗಳನ್ನು ಮೇಲೆ ಜೋಡಿಸಿ, ಅಂಚಿನಿಂದ ನಡುವಿಗೆ ಸಾಲುಸಾಲಾಗಿ ಹೊಲಿಯುತ್ತಾ ಬರುವ ಹೊದಿಕೆ ಕೌದಿ. ಬಡವರ ಮನೆಯ ದಪ್ಪ. ಅವ್ವ ತನ್ನ ಮದುವೆಯ ಕೆಂಪು ಇಳಕಲ್ಲ ಸೀರೆಯನ್ನೇ ಹರಿದಳು, ನಾನು ಉಡುತ್ತಿದ್ದ ಹಸಿರು ಪರಕಾರವನ್ನು ಹರಿದಳು, ಕೇಳಲೂ ಇಲ್ಲ. ತೋಪಿನ ಮೇಲೆ ಬಣ್ಣ ಕಂಡರೆ ಸಾಹೇಬರು ಬೈದಾರು ಎಂದು ಕೆಳಪದರಕ್ಕೆ ಅಪ್ಪನ ಸವೆದ ಖಾಕಿ ಪ್ಯಾಂಟುಗಳನ್ನು ಬಿಚ್ಚಿ ಹಾಕಿದಳು. ಸುತ್ತಿದರೆ ಹೊರಗೆ ಬರೀ ಖಾಕಿ, ಒಳಗೆ ನಮ್ಮನೆ. ಸುರುಳಿಯ ತುದಿಯಲ್ಲಿ ಮಾತ್ರ ಬಸವನಹುಳುವಿನ ಹಾಗೆ ಒಂದು ಕೆಂಪು ಗೆರೆ ಕಾಣುತ್ತಿತ್ತು. ಮಧ್ಯಾಹ್ನಗಳಲ್ಲಿ ಪಡಸಾಲೆಯಲ್ಲಿ ಅವಳ ಎಡಗೈ ಹೋಗಿ ಬರುವುದನ್ನು ನೋಡುತ್ತಾ ನಾನು ನಿದ್ದೆಹೋಗುತ್ತಿದ್ದೆ. ದಾರ ಬಟ್ಟೆಯೊಳಗಿಂದ ಎಳೆದು ಬರುವ ಸದ್ದು, ಅದು ಈಗಲೂ ಕಿವಿಯಲ್ಲಿದೆ. ನಾಲ್ಕನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿ ಚೂರು ಇಡಬೇಕು. ಕೌದಿ ಉಪವಾಸ ಇದ್ದರೆ ಹೊದ್ದವರ ಹೊಟ್ಟೆಯೂ ಖಾಲಿ ಎಂದು ನಮ್ಮವ್ವನ ನಂಬಿಕೆ. ಆ ಚೂರು ಇಟ್ಟವಳು ನಾನು.

ಮುಂದಿನ ರಜೆ ಮುಗಿಸಿ ಅಪ್ಪ ಹೊರಟ ದಿನ ಆಯಿ ಬಾಗಿಲಲ್ಲೇ ಕೂತು ಕಾವಲು ಕಾದಳು. "ಊರಿಗೆ ಹೊಂಟ ಮನಷ್ಯಾನ ಗಂಟ ಎಡಗೈಲೆ ಬಿಗೀಬಾರದು. ಅಂವ ಕಟ್ಕೊಳ್ಳಲಿ, ನೀ ಮುಟ್ಟಬ್ಯಾಡ." ಅವ್ವ ಹೂಂ ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಪ್ಪ ಹೆಗಲ ಮೇಲೆ ಸುರುಳಿ ಹೊತ್ತು ಹೊರಗೆ ಬಂದ. ಅವ್ವ ಹೊಸೆದ ಹತ್ತಿಯ ಹುರಿ, ಎರಡು ಕಡೆ ಎರಡು ಗಂಟು. ಅವನೇ ಕಟ್ಟಿಕೊಂಡ ಎಂದು ಆಯಿ ತಿಳಿದಳು. ನಾನೂ ತಿಳಿದೆ.

ಆ ಸಲ ಅವರನ್ನು ದೂರದ ಚಳಿಯ ಸೀಮೆಗೆ ಕಳಿಸಿದರು. ಒಂದು ತಿಂಗಳಿಗೆ ಕಾಗದ ಬಂತು. ಬರೆದವರು ಜೊತೆಯವರು ಯಾರೋ, ಓದಿದವರು ನಮ್ಮ ಶಾಲೆಯ ಮಾಸ್ತರರು. ಬಂದ ವಾರದಲ್ಲೇ ತೋಪಿಗೆ ಹೊಸ ಹಸಿರು ಬಣ್ಣ ಹೊಡೆದೆವು, ಕೈಗೆ ಹತ್ತಿದ ಬಣ್ಣ ಇನ್ನೂ ಹೋಗಿಲ್ಲ ಎಂದಿತ್ತು. ಕೌದಿ ಬೆಚ್ಚಗಿದೆ, ದಿನಾ ಹೊದೆಯುತ್ತೇನೆ ಎಂದಿತ್ತು. ಆ ಸಾಲನ್ನು ಅವ್ವ ಮಾಸ್ತರರಿಂದ ಮೂರು ಸಲ ಓದಿಸಿದಳು. ಚಳಿಗಾಲ ಕಳೆಯುವ ಮುಂಚೆ ಅಪ್ಪ ಸತ್ತ. ಯುದ್ಧದಲ್ಲಲ್ಲ. ಕಾಮಾಲೆ. ಮಿಲಿಟರಿ ಆಸ್ಪತ್ರೆಯ ಮಂಚದ ಮೇಲೆ. ಓಣಿಯ ಜನ ಬಹಳ ವರ್ಷ ಗುಂಡು ತಾಗಿತ್ತೆಂದೇ ಹೇಳುತ್ತಿದ್ದರು, ನಾವು ತಿದ್ದಲಿಲ್ಲ.

ನನಗೆ ಒಂಬತ್ತು. ಟ್ರಂಕು ಬಂತು, ಅದರ ಮೇಲೆ ಕೌದಿಯ ಸುರುಳಿ. ತೋಪಿಗೆ ಬಿಗಿಯುತ್ತಿದ್ದ ಬಕಲಿನ ಪಟ್ಟಿಗಳು ಸರಕಾರದವು, ಅವನ್ನು ತೆಗೆದುಕೊಂಡಿದ್ದರು. ಮನೆಯ ಹುರಿ ಮನೆಗೆ ಬಂದಿತ್ತು. ಅವ್ವ ಪಡಸಾಲೆಯಲ್ಲಿ ಕೂತು ಸುರುಳಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಗಂಟಿನ ಮೇಲೆ ಬೆರಳಿಟ್ಟು ಅದರ ಸುತ್ತುಗಳನ್ನು ಒಂದೊಂದಾಗಿ ಸವರಿದಳು. ಹೆಂಗಸರು ಸುತ್ತ ಕೂತಿದ್ದರು. ಬಿಚ್ಚವ್ವ, ವಾಸನಿಯರ ಇದ್ದೀತು ಎಂದರು ಒಬ್ಬರು. ಆಗ ಅವ್ವ ತಲೆ ಎತ್ತಿ, "ದಿನಾ ಹೊಚ್ಕೋತಿದ್ರು, ಮುಂಜಾನೆ ಎದ್ದು ತಾವ ಕಟ್ಟಿಡ್ತಿದ್ರು. ಇದು ಅವರ ಕೈಯಾಗಿನ ಗಂಟು. ಯಾರೂ ಬಿಚ್ಚಬ್ಯಾಡ್ರಿ" ಎಂದಳು. ಅಳಲಿಲ್ಲ. ಆಯಿ ಅತ್ತಳು. ಸುರುಳಿಯನ್ನು ತೊಲೆಗೆ ನೇತುಹಾಕಿದರು, ಇಲಿ ಮುಟ್ಟದ ಹಾಗೆ.

ಅಲ್ಲಿಂದ ಮುಂದೆ ಆ ಮನೆ ಕರಗುತ್ತಾ ಹೋಯಿತು. ಆಯಿ ಹೋದಳು. ಪಡಸಾಲೆಯ ಗೋಡೆ ಒಂದು ಮಳೆಗಾಲ ಕುಸಿಯಿತು, ಎತ್ತಿ ಕಟ್ಟುವವರಿರಲಿಲ್ಲ. ಅವ್ವನೂ ನಾನೂ ಒಳಕೋಣೆಯಲ್ಲಿ ಒಂದೇ ಚಾದರದಲ್ಲಿ ಮಲಗುತ್ತಿದ್ದೆವು, ತಲೆಯ ಮೇಲೆ ಆ ಸುರುಳಿ ನೇತಾಡುತ್ತಿತ್ತು. ಅವ್ವ ಓಣಿಗೆಲ್ಲ ಕೌದಿ ಹೊಲಿದುಕೊಟ್ಟಳು, ನಮಗೆ ಮಾತ್ರ ಇನ್ನೊಂದು ಹೊಲಿಯಲಿಲ್ಲ. ಹರಿಯಲು ನಮ್ಮಲ್ಲಿ ಸೀರೆ ಉಳಿದಿರಲಿಲ್ಲ. ನಾನು ಮದುವೆಯಾಗಿ ಹುಬ್ಬಳ್ಳಿಗೆ ಹೋದೆ, ಕೆಲವು ವರ್ಷಕ್ಕೆ ಅವಳನ್ನೂ ಕರೆಸಿಕೊಂಡೆ. ಬರುವಾಗ ತಂದದ್ದು ಸುರುಳಿ ಒಂದೇ. ಕಡೆಯ ಜ್ವರದಲ್ಲಿ ಹಲ್ಲು ಕಟಕಟ ಅನ್ನುವ ಹಾಗೆ ನಡುಗಿದಳು. ಮನೆಯಲ್ಲಿದ್ದ ಹೊದಿಕೆಯೆಲ್ಲ ಹೊದಿಸಿದೆ, ಸಾಲಲಿಲ್ಲ. ಸುರುಳಿಯನ್ನು ಇಳಿಸಿ ಗಂಟಿಗೆ ಕೈ ಹಾಕಿದೆ. ಅಷ್ಟು ನಿತ್ರಾಣದಲ್ಲೂ ನನ್ನ ಮಣಿಕಟ್ಟು ಹಿಡಿದುಕೊಂಡಳು, ಅದೇ ಎಡಗೈಯಲ್ಲಿ. "ನೀಲೀ, ಬ್ಯಾಡ. ನಿಮ್ಮಪ್ಪನ ಗಂಟು." ನಾನು ಕೈ ತೆಗೆದೆ. ಅವಳು ನಡುಗುತ್ತಲೇ ಹೋದಳು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದೆ.

ಸುರುಳಿ ಹುಬ್ಬಳ್ಳಿಯಿಂದ ಇಲ್ಲಿಗೆ ರೈಲಿನಲ್ಲಿ ಬಂತು, ನನ್ನ ಅಟ್ಟದ ಮೇಲೆ ಕೂತಿತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರುತ್ತದೆ. ಒಡೆದ ಕನ್ನಡಕವೋ, ತಾಳೆಯಾಗದ ಬೀಗದ ಕೈಯೋ. ಅದು ಇದೆ ಎನ್ನುವ ಧೈರ್ಯದ ಮೇಲೆ ನಾವು ಹೋದವರನ್ನು ನಂಬಿಕೊಂಡಿರುತ್ತೇವೆ. ನನಗೆ ಅಪ್ಪನ ಮುಖ ಮರೆತು ಎಷ್ಟೋ ಕಾಲವಾಗಿದೆ. ಆದರೆ ಒಂದು ನಂಬಿಕೆ ಇತ್ತು: ಅವ್ವನ ಸೀರೆಯೊಳಗೆ, ನನ್ನ ಪರಕಾರದೊಳಗೆ, ನಾನಿಟ್ಟ ರೊಟ್ಟಿಯ ಪಕ್ಕ ಅವನು ದಿನಾ ಮಲಗಿದ. ಹಾಗಿದ್ದರೆ ಅವನು ಸ್ವಲ್ಪ ಕಾಲವಾದರೂ ನಮ್ಮನೆಯಲ್ಲಿದ್ದ ಹಾಗೆಯೇ.

ತುತುಲ್ ಕೆಲಸ ಶುರು ಮಾಡಿದಳು. ನಾನು ಹೇಳುತ್ತಾ ಹೋದೆ, ಅವಳು ಮಾಡುತ್ತಾ ಹೋದಳು. ನನ್ನ ಬಿ.ಪಿ. ಮಾತ್ರೆಯ ಬೆಳ್ಳಿ ಹಾಳೆಯಿಂದ ಪಟ್ಟಿ, ತಾಮ್ರದ ಎಳೆಯಿಂದ ಬಕಲು, ತೆಳು ಕಾಗದವನ್ನು ಗೋಂದಿನ ನೀರಲ್ಲಿ ಅದ್ದಿ ಸುತ್ತಿ ಹಾಸಿಗೆ ಸುರುಳಿ. ನೀರಿನ ಚೀಲದ ತಳ ಒದ್ದೆಯಾಗಿ ಕಪ್ಪಗಿರಬೇಕು ಎಂದೆ, ಒಂದು ಹನಿ ಬಣ್ಣದಲ್ಲಿ ಅದನ್ನು ಒದ್ದೆ ಮಾಡಿದಳು. ಮಗ್ಗು ಆರೂ ಒಂದೇ ಥರ ಬೇಡ, ಒಂದರ ಕಿವಿ ಮುರಿದಿತ್ತು ಎಂದೆ. "ಯಾರದು?" "ನಮ್ಮಪ್ಪಂದ." ಚಿಮಟಿಗೆಯಿಂದ ಸಾಸಿವೆಯಷ್ಟು ಕಿವಿಯನ್ನು ಮುರಿದಳು. ಅಷ್ಟು ದಿನ ನನಗೆ ಹಗಲು ಉದ್ದವೆನಿಸಲಿಲ್ಲ. ಕೊನೆಗೆ ಅಪ್ಪನ ಸುರುಳಿಯ ಸರದಿ. ನೋಡಿಯೇ ಮಾಡುತ್ತೇನೆ ಎಂದಳು. ಬಿಚ್ಚುವುದಿಲ್ಲ ಎಂದು ಆಣೆ ಹಾಕಿಸಿ ಅಟ್ಟದಿಂದ ಇಳಿಸಿದೆ.

ಭಾನುವಾರ ಮಧ್ಯಾಹ್ನ. ಬಾಲ್ಕನಿಯಿಂದ ಮೇಜಿನ ತನಕ ಬಿಸಿಲು. ಅವಳು ದೀಪವಿರುವ ಭೂತಗನ್ನಡಿ ತಂದು ಗಂಟಿನ ಮೇಲೆ ಹಿಡಿದಳು, ಪಕ್ಕದಲ್ಲಿ ದಾರ ಇಟ್ಟುಕೊಂಡು ಅದೇ ಥರ ಕಟ್ಟಲು ನೋಡಿದಳು. ಒಂದು ಸಲ, ಎರಡು ಸಲ, ಐದು ಸಲ.

"ಬರ್ತಾ ಇಲ್ಲ ಅಜ್ಜಿ. ಸುತ್ತು ಉಲ್ಟಾ ಹೋಗ್ತಿದೆ." ಆಮೇಲೆ ದಾರವನ್ನು ಇನ್ನೊಂದು ಕೈಗೆ ಬದಲಿಸಿದಳು. "ಓ! ಈಗ ಬಂತು. ಮುತ್ತಜ್ಜ ಲೆಫ್ಟ್ ಹ್ಯಾಂಡಾ?"

ನಾನು ಅವರೆಕಾಯಿ ಸುಲಿಯುತ್ತಿದ್ದೆ. ಕೈ ನಿಂತಿತು.

"ಅಲ್ಲ. ನಮ್ಮವ್ವ."

"ಹಾಗಾದ್ರೆ ಅವರು ಟ್ರಂಕ್ ಬಂದ್ಮೇಲೆ ಬಿಚ್ಚಿ ಕಟ್ಟಿರ್ಬೇಕು." ಮತ್ತೆ ಗಾಜು ಹಿಡಿದಳು. ಈಗ ಬಹಳ ಹೊತ್ತು ನೋಡಿದಳು. ಬಣ್ಣದ ವಿಷಯದಲ್ಲಿ ಅವಳು ಸುಳ್ಳು ಹೇಳುವವಳಲ್ಲ, ಅದೇ ಅವಳ ಕಸುಬು. "ಇಲ್ಲ ಅಜ್ಜಿ. ನೋಡು ಇಲ್ಲಿ. ಗ್ರೀನ್ ಪೇಂಟ್. ಗಾಡಿಗೆ ಹೊಡೆಯುವಾಗ ಬ್ರಷ್ ತಾಗಿದೆ. ಗಂಟಿನ ಮೇಲಿಂದ ಬಟ್ಟೆ ಮೇಲೆ ಒಂದೇ ಸ್ಟ್ರೋಕ್. ಎಲ್ಲೂ ಒಡೆದಿಲ್ಲ. ಒಂದ್ಸಲ ಬಿಚ್ಚಿದ್ರೂ ಈ ಗೆರೆ ಮತ್ತೆ ಹೀಗೆ ಸೇರೋದೇ ಇಲ್ಲ. ಪೇಂಟ್ ಆದ್ಮೇಲೆ ಇದನ್ನ ಯಾರೂ ಬಿಚ್ಚಿಲ್ಲ."

ಕನ್ನಡಕದ ಮೇಲೆ ಆ ಗಾಜು ಇಟ್ಟು ನಾನೂ ನೋಡಿದೆ. ಹಸಿರು ಗೆರೆ ಹುರಿಯಿಂದ ಖಾಕಿಗೆ ಹಾಯಾಗಿ ಇಳಿದಿತ್ತು. ಬಂದ ವಾರದಲ್ಲೇ ತೋಪಿಗೆ ಬಣ್ಣ ಹೊಡೆದೆವು. ದಿನಾ ಹೊದೆಯುತ್ತೇನೆ. ಒಂದೇ ಕಾಗದ, ಒಂದರ ಕೆಳಗೆ ಒಂದು ಸಾಲು. ಗಂಟು ಅವ್ವ ಕಟ್ಟಿದ್ದು, ಒಳಕೋಣೆಯಲ್ಲಿ, ಆಯಿಯ ಕಣ್ಣು ತಪ್ಪಿಸಿ. ಟ್ರಂಕು ಬಂದ ದಿನ ಬೆರಳಿಟ್ಟ ಕೂಡಲೇ ತನ್ನ ಗಂಟು ಅವಳಿಗೆ ಗೊತ್ತಾಗಿದೆ. ಹೊಲಿಯುವವಳಿಗೆ ತನ್ನ ಗಂಟು ಗೊತ್ತಾಗದೆ ಇರುತ್ತದೆಯೇ? ಅಷ್ಟು ಜನ ಹೆಂಗಸರ ನಡುವೆ ತಲೆ ಎತ್ತಿ ಸುಳ್ಳು ಹೇಳಿದಳು. ಆಮೇಲೆ ಆ ಸುಳ್ಳಿಗೆ ಕಾವಲು ಕೂತು ಚಳಿಯಲ್ಲಿ ಸತ್ತಳು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಪ್ಪನ ಮೇಲೆ, ಅವ್ವನ ಮೇಲೆ, ನನ್ನ ಮೇಲೆ. ಬಟ್ಟಲು ನೂಕಿದೆ, ಅವರೆಕಾಳು ನೆಲದ ಮೇಲೆಲ್ಲ ಓಡಿದವು.

ತುತುಲ್ ಮಂಡಿಯೂರಿ ಕಾಳು ಆರಿಸುತ್ತಾ ಮೆಲ್ಲಗೆ ಹೇಳಿದಳು: "ಅಜ್ಜಿ, ಬಿಚ್ಚಿದ್ರೆ ಮತ್ತೆ ಹಾಗೇ ಕಟ್ಟೋಕೆ ಬರಲ್ಲ ಅಂತ ಮುತ್ತಜ್ಜ ಬಿಟ್ಟಿರ್ಬಹುದು. ನಂಗೇ ಐದು ಸಲ ಬರ್ಲಿಲ್ಲ."

"ಕತಿ ಕಟ್ಟಬ್ಯಾಡ. ಸುಮ್ನ ಕಾಳ ಆರಸು."

"ಕತೆ ಅಲ್ಲ. ಹೊರಗಡೆ ನೋಡು, ಒಂದ್ ಕಡೆ ಪೂರ್ತಿ ಬಿಸಿಲಿಗೆ ಬೆಳ್ಳಗಾಗಿದೆ, ಇನ್ನೊಂದ್ ಕಡೆ ಸರಳಿನ ತುಕ್ಕು. ಎಲ್ಲಾ ಕಡೆ ಹೊತ್ಕೊಂಡು ಹೋಗಿದಾರೆ."

ಇರಬಹುದು. ಕೊಳೆಯಾದೀತು ಎಂದು ಬಿಚ್ಚದೆ ಇರಬಹುದು. ಆರು ಜನರ ನಡುವೆ ಹೆಂಡತಿಯ ಕೆಂಪು ಸೀರೆ ಬಿಚ್ಚಲು ನಾಚಿಕೆಯಾಗಿರಬಹುದು. ಬೇಡವಾಗಿಯೂ ಇರಬಹುದು. ಗೊತ್ತಿದ್ದವನು ಸತ್ತು ಅರವತ್ತು ವರ್ಷವಾಯಿತು. ಹೊತ್ತು ತಿರುಗಿದ, ಹೊದೆಯಲಿಲ್ಲ. ಗೊತ್ತಿರುವುದು ಇಷ್ಟೇ, ಇದಕ್ಕಿಂತ ಹೆಚ್ಚಿಗೆ ನಾನು ಸೇರಿಸುವುದಿಲ್ಲ. ನಮ್ಮನೆಯಲ್ಲಿ ಸೇರಿಸಿದವರು ಆಗಲೇ ಇಬ್ಬರಿದ್ದಾರೆ.

ಸಂಜೆ ಬಿಸಿಲು ಮೇಜಿನಿಂದ ಇಳಿಯುವ ಹೊತ್ತಿಗೆ ಅವಳು ಕೇಳಿದಳು, "ಅಜ್ಜಿ, ಇದರ ಮೇಲೆ ಯಾವ ಗಂಟು ಹಾಕ್ಲಿ? ಮುತ್ತಜ್ಜಂದಾ?"

"ಇದ್ದದ್ದನ್ನ ಹಾಕು."

ಎಡಗೈಯಲ್ಲಿ ಚಿಮಟಿಗೆ ಹಿಡಿದು, ಕೂದಲಿನಂಥ ದಾರದಲ್ಲಿ, ಉಗುರಿನಷ್ಟು ಉದ್ದದ ಸುರುಳಿಗೆ ಎರಡು ಗಂಟು ಹಾಕಿದಳು. ಸುರುಳಿಯ ತುದಿಗೆ ಒಂದೇ ಎಳೆಯ ಬ್ರಷ್ಷಿನಲ್ಲಿ ಕೆಂಪು ಗೆರೆ ಸುತ್ತಿದಳು. ಗಂಟಿನ ಮೇಲಿಂದ ಬಟ್ಟೆಯ ಮೇಲೆ ಹಸಿರು ತಾಗಿಸಿದಳು. ಐದು ಖಾಕಿ ಸುರುಳಿಗಳ ಪಕ್ಕದಲ್ಲಿ ಅದನ್ನೂ ಸರಳಿಗೆ ಕಟ್ಟಿದಳು. ತೋಪಿನಲ್ಲಿ ಈಗ ಯಾರೋ ಬದುಕಿದ ಹಾಗೆ ಕಾಣುತ್ತಿತ್ತು, ಅದಂತೂ ನಿಜ.

ಮರುದಿನ ಬೆಳಿಗ್ಗೆ ಮಗಳು ಹೋದಳು, ತುತುಲ್ ಹೋದಳು. ನಾನು ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿನ ಕೈಹಿಡಿ ಹಿಡಿದು ಮಾಳಿಗೆಗೆ ಹತ್ತಿದೆ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಗಂಟಿಗೆ ಬಲಗೈ ಹಾಕಿದೆ, ಬರಲಿಲ್ಲ. ಎಡಗೈ ಹಾಕಿದೆ. ನನ್ನ ಎಡಗೈಗೆ ಕೆಲಸ ಗೊತ್ತಿಲ್ಲ, ಹೊತ್ತು ಹಿಡಿಯಿತು. ಹಸಿರು ಬಣ್ಣ ಚೂರುಚೂರಾಗಿ ಸೀರೆಯ ಮೇಲೆ ಉದುರಿತು. ಮೊದಲನೆಯದು ಬಿಚ್ಚಿತು, ಎರಡನೆಯದು ಸುಲಭವಾಗಿ ಬಿಚ್ಚಿತು. ಹಗ್ಗದ ಮೇಲೆ ಹರವಿದೆ. ಒಳಗಿನ ಕೆಂಪು ನಿನ್ನೆ ಅಂಗಡಿಯಿಂದ ತಂದ ಹಾಗಿತ್ತು, ನನ್ನ ಪರಕಾರದ ಹಸಿರೂ ಹಾಗೆಯೇ. ನಾಲ್ಕನೆಯ ಮೂಲೆಯನ್ನು ಹಿಸುಕಿ ನೋಡಿದೆ, ಒಳಗೆ ಏನೋ ಪುಡಿ ಬೆರಳಿಗೆ ಸಿಕ್ಕಿತು.

ಎದುರು ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೈ ಅಡ್ಡ ಹಿಡಿದು ನೋಡಿದಳು. ಅವರೂ ಹಳೆಯ ಸೀರೆಯಲ್ಲಿ ಇಂಥದ್ದು ಹೊಲಿಯುತ್ತಾರೆ, ಕಾಂಥಾ ಎನ್ನುತ್ತಾರೆ. "ಮಾಶಿಮಾ, ಹೊಸ ಕಾಂಥಾನಾ?" ಎಂದು ಅವಳ ಭಾಷೆಯಲ್ಲಿ ಕೂಗಿದಳು. ಮಾಶಿಮಾ ಎಂದರೆ ಚಿಕ್ಕಮ್ಮ, ಅಷ್ಟು ಬಂಗಾಲಿ ನನಗೆ ಬರುತ್ತದೆ.

"ಹೌದವ್ವ, ಹೊಸಾದು" ಎಂದು ನನ್ನ ಭಾಷೆಯಲ್ಲಿ ಕೂಗಿದೆ. "ಇನ್ನೂ ಯಾರೂ ಹೊಚ್ಕೊಂಡಿಲ್ಲ."